ಬುಟ್ಟಿ ಹೆಣೆಯಲು ನೋಂದಣಿ ಬೇಕೇ?

ಪ್ರಶ್ನೆ: ಎಚ್.ಡಿ. ಕೋಟೆಯ ಮನೆಯಲ್ಲೇ ಬಿದಿರಿನ ಬುಟ್ಟಿ, ಮೊರ ಹೆಣೆದು ಸಂತೆಯಲ್ಲಿ ಮಾರುತ್ತೇವೆ. ನೋಂದಣಿ ಮಾಡಿಸಲೇಬೇಕೇ?

ಉತ್ತರ: ಕಡ್ಡಾಯವಲ್ಲ. ಆದರೆ ಬ್ಯಾಂಕಿನಲ್ಲಿ ಸಾಲ ಕೇಳುವ ದಿನ ‘ಉದ್ಯಮ್’ ನೋಂದಣಿ ನೆರವಿಗೆ ಬರುತ್ತದೆ. 2020ರ ಜುಲೈ 1ರಿಂದ ಇರುವ ಇದಕ್ಕೆ ಆಧಾರ್, ಪ್ಯಾನ್ ಸಾಕು. ಶುಲ್ಕ ಒಂದು ಪೈಸೆಯೂ ಇಲ್ಲ. (ದುಡ್ಡು ಕೇಳುವ ಜಾಲತಾಣ ಸರ್ಕಾರದ್ದಲ್ಲ!) ವರ್ಷದ ವಹಿವಾಟು 40 ಲಕ್ಷ ದಾಟದೆ, ರಾಜ್ಯದೊಳಗೇ ಸಂತೆಯಲ್ಲಿ ಮಾರುವವರೆಗೆ ಜಿಎಸ್‌ಟಿ ಗೋಜಿಲ್ಲ.

ನಿಮಗೆ ಇನ್ನೂ ಹತ್ತಿರದ್ದು 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ. ಅದರ 18 ಕಸುಬುಗಳಲ್ಲಿ ಬುಟ್ಟಿ ಹೆಣೆಯುವುದೂ ಒಂದು: ತರಬೇತಿ, ಉಪಕರಣಕ್ಕೆ 15,000 ರೂಪಾಯಿ, ಶೇ. 5ರ ಬಡ್ಡಿಗೆ ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಸಾಲ. ಅರ್ಜಿ ಸಾಮಾನ್ಯ ಸೇವಾ ಕೇಂದ್ರದಲ್ಲಿ. ಮೊದಲ ಪರಿಶೀಲನೆ ಗ್ರಾಮ ಪಂಚಾಯಿತಿಯದು. ಕುಟುಂಬಕ್ಕೊಬ್ಬರಿಗೆ ಮಾತ್ರ ಅವಕಾಶ. ಯಾರ ಹೆಸರಲ್ಲಿ ಎಂದು ಮನೆಯಲ್ಲೇ ತೀರ್ಮಾನಿಸಿಕೊಂಡು ಹೋಗಿ.