ಎರಿ ಹೊಲ ಎಷ್ಟು ಎಚ್‌ಪಿ ಕೇಳುತ್ತದೆ?

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆ ಟ್ರ್ಯಾಕ್ಟರ್ ಕೊಳ್ಳುವವರು ಮೊದಲು ಕೇಳುವುದು ‘ಎಚ್‌ಪಿ ಎಷ್ಟು’ ಅಂತ. ಕೊಂಡು ಎರಡು ಹಂಗಾಮು ಕಳೆಯುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ: ಇದನ್ನು ಇನ್ನೂ ಏರಿಸಲು ಬರುತ್ತದೆಯೇ? ಬರುತ್ತದೆ. ಡೀಸೆಲ್ ಪಂಪಿನ ಸೀಲು ಒಡೆದು ಸ್ಕ್ರೂ ತಿರುಗಿಸಿದರೆ ಎಂಜಿನ್ನಿಗೆ ಎಣ್ಣೆ ಹೆಚ್ಚು ಹೋಗುತ್ತದೆ. ಟರ್ಬೊ ಇಲ್ಲದ ಎಂಜಿನ್ನಿಗೆ ಟರ್ಬೊ ಕೂಡಿಸಿಕೊಡುವ ಮೆಕ್ಯಾನಿಕ್‌ಗಳೂ ಸಿಗುತ್ತಾರೆ. ಆದರೆ ಎಷ್ಟು ಏರಿಸಬೇಕು ಎಂಬ ಲೆಕ್ಕವನ್ನು ಬಾನೆಟ್ಟಿನ ಕೆಳಗಿನಿಂದ ಹಿಡಿದರೆ ಅದು ಎಂದೂ ಕೂಡಿಬರುವುದಿಲ್ಲ. ಹೊಲದಿಂದ ಹಿಡಿಯಬೇಕು: ಮಣ್ಣು ಎಷ್ಟು ಬಲ ಕೇಳುತ್ತದೆ, ಗಾಲಿ ಎಷ್ಟು ಬಲವನ್ನು ನೆಲಕ್ಕೆ ದಾಟಿಸುತ್ತದೆ, ಆಮೇಲೆ ಎಂಜಿನ್ನು. ಈ ಕ್ರಮ ಬಿಟ್ಟು ಏರಿಸಿದ ಪ್ರತಿ ಎಚ್‌ಪಿಗೂ ರೈತ ಎರಡು ಸಲ ದುಡ್ಡು ಕೊಡುತ್ತಾನೆ, ಏರಿಸುವಾಗ ಒಮ್ಮೆ, ರಿಪೇರಿಗೆ ಇನ್ನೊಮ್ಮೆ.

ಒಂದು ಲೆಕ್ಕ ಮಾಡಿ ನೋಡೋಣ. ಎರಡು ಹಲ್ಲಿನ ಪಲ್ಟಿ ನೇಗಿಲು, ಒಂದೊಂದು ಹಲ್ಲು 30 ಸೆಂ.ಮೀ. ಅಗಲ, ಆಳ 25 ಸೆಂ.ಮೀ. ಅಂದರೆ ಒಂದೇ ಹೊತ್ತಿಗೆ ಕೊಯ್ಯುವ ಮಣ್ಣು 1,500 ಚದರ ಸೆಂ.ಮೀ. ಎರಿ ಮಣ್ಣು (ಕಪ್ಪು ಮಣ್ಣು) ಜಿಗುಟು, ಭಾರ, ಚದರ ಸೆಂ.ಮೀ.ಗೆ 0.7 ಕೆ.ಜಿ. ಎಳೆತ ಕೇಳುತ್ತದೆ ಎಂದು ಹಿಡಿದರೆ ನೇಗಿಲು ಒಟ್ಟು 1,050 ಕೆ.ಜಿ. ಜಗ್ಗುತ್ತದೆ. ಗಂಟೆಗೆ 4.5 ಕಿ.ಮೀ. ವೇಗದಲ್ಲಿ ಇಷ್ಟನ್ನು ಎಳೆಯಲು ಬೇಕಾಗುವುದು ಹದಿನೇಳೂವರೆ ಎಚ್‌ಪಿ ಮಾತ್ರ. ಎಂಜಿನ್ನಿನ ಉಳಿದ ಶಕ್ತಿ ಎಲ್ಲಿ ಹೋಯಿತು? ಗೇರು, ಡಿಫರೆನ್ಶಿಯಲ್, ಮೆತ್ತನೆ ನೆಲದಲ್ಲಿ ಹೂಳುವ ಮತ್ತು ಜಾರುವ ಗಾಲಿ, ಇವೆಲ್ಲ ತಮ್ಮ ಪಾಲು ತಿಂದು ಕೊಕ್ಕೆಗೆ ಮುಟ್ಟುವುದು ಎಂಜಿನ್ ಶಕ್ತಿಯ ಅರ್ಧ, ಹೆಚ್ಚೆಂದರೆ ಅದಕ್ಕಿಂತ ತುಸು ಜಾಸ್ತಿ. ಹೀಗಾಗಿ ಎಂಜಿನ್ನಿನಲ್ಲಿ 35 ಎಚ್‌ಪಿ ಬೇಕು. ಗಟ್ಟಿ ಜಾಗ ಬಂದಾಗ ಉಸಿರು ಕಟ್ಟಬಾರದು ಎಂದು ಐದನೇ ಒಂದು ಪಾಲು ಕೂಡಿಸಿದರೆ 42. ನಲವತ್ತೈದರ ಟ್ರ್ಯಾಕ್ಟರಿಗೆ ಈ ಕೆಲಸ ಹೊರೆಯಲ್ಲ.

ಹಾಗಾದರೆ ಅದೇ ಟ್ರ್ಯಾಕ್ಟರ್ ಅದೇ ನೇಗಿಲಿಗೆ ಏಕೆ ತಿಣುಕುತ್ತದೆ? ಬಹಳ ಸಲ ಎಂಜಿನ್ ಸೋತಿರುವುದಿಲ್ಲ, ಗಾಲಿ ಸೋತಿರುತ್ತದೆ. ಸಡಿಲ ನೆಲದಲ್ಲಿ ಹಿಂದಿನ ಗಾಲಿಗಳು ತಮ್ಮ ಮೇಲಿನ ಭಾರದ ಅರ್ಧದಷ್ಟು ಎಳೆದರೆ ದೊಡ್ಡದು. 1,050 ಕೆ.ಜಿ. ಎಳೆಯಬೇಕಾದರೆ ಹಿಂದಿನ ಅಚ್ಚಿನ ಮೇಲೆ 2,100 ಕೆ.ಜಿ. ಕೂತಿರಬೇಕು. ಈ ವರ್ಗದ ಟ್ರ್ಯಾಕ್ಟರಿನ ಒಟ್ಟು ತೂಕವೇ ಹೆಚ್ಚುಕಡಿಮೆ ಅಷ್ಟು. ಈ ಸ್ಥಿತಿಯಲ್ಲಿ 60 ಎಚ್‌ಪಿ ಮಾಡಿದರೂ ಹೆಚ್ಚಿದ 15 ಎಚ್‌ಪಿ ಗಾಲಿಯನ್ನು ಇನ್ನಷ್ಟು ಜೋರಾಗಿ ಜಾರಿಸುತ್ತದೆ, ಅಷ್ಟೇ. ಇದನ್ನು ಅಳೆಯಲು ಯಾವ ಪ್ರಯೋಗಾಲಯವೂ ಬೇಡ. ಹಿಂದಿನ ಟೈರಿಗೆ ಸೀಮೆಸುಣ್ಣದಿಂದ ಗೆರೆ ಹಾಕಿ, ನೇಗಿಲು ಎತ್ತಿಕೊಂಡು ಗಾಲಿ ಹತ್ತು ಸುತ್ತು ತಿರುಗುವ ತನಕ ನಡೆಸಿ, ದೂರ ಅಳೆಯಬೇಕು. 13.6-28 ಅಳತೆಯ ಟೈರಾದರೆ 41 ಮೀಟರಿನ ಆಸುಪಾಸು ಬರುತ್ತದೆ. ನೇಗಿಲು ಊರಿ ಮತ್ತೆ ಹತ್ತು ಸುತ್ತು. ಈಗ 35 ಮೀಟರ್ ಬಂದರೆ ಜಾರಿಕೆ ನೂರಕ್ಕೆ 15, ಒಪ್ಪಬಹುದಾದ ಮಿತಿ. 28 ಮೀಟರ್ ಬಂದರೆ ನೂರಕ್ಕೆ 32. ಸುಟ್ಟ ಎಣ್ಣೆಯ ಮೂರರಲ್ಲೊಂದು ಪಾಲು ಟೈರಿನ ಹಲ್ಲು ಸವೆಸಲು ಮತ್ತು ಮಣ್ಣು ಕಲಸಲು ಹೋಯಿತು. ಆಗ ಬೇಕಾದದ್ದು ಗಾಲಿಗೆ ಎರಕದ ತೂಕ, ಟ್ಯೂಬಿಗೆ ನೀರು, ಸರಿಯಾದ ಗಾಳಿ, ಸವೆಯದ ಟೈರು. ಟರ್ಬೊದ ಖರ್ಚಿನ ಮುಂದೆ ಇವು ಅಗ್ಗ.

ಇದಕ್ಕೆ ಈ ಸೀಮೆಯ ರೈತ ಹೇಳುವ ತಕರಾರು ಗಟ್ಟಿಯಾದದ್ದು. ಎರಿ ಹೊಲದ ಹದ ಕಾಯುವುದಿಲ್ಲ. ಮಳೆ ಬಿದ್ದ ಮರುದಿನ ಗಾಲಿ ಇಟ್ಟರೆ ಹೂಳುತ್ತದೆ, ನಾಲ್ಕು ದಿನ ತಡಮಾಡಿದರೆ ಹೆಂಟೆ ಕಲ್ಲಾಗುತ್ತದೆ. ಹೆಸರು ಕಿತ್ತು ಕಡಲೆ ಬಿತ್ತುವ ನಡುವಿನ ದಿನಗಳಲ್ಲಿ ಊರಿಗೂರೇ ಒಟ್ಟಿಗೆ ಹೊಲಕ್ಕೆ ಇಳಿಯುತ್ತದೆ, ಬಾಡಿಗೆ ಟ್ರ್ಯಾಕ್ಟರ್ ಸಿಗುವುದಿಲ್ಲ. ಬೇಗ ಮುಗಿಸಲು ಶಕ್ತಿ ಬೇಡವೇ? ಬೇಕು, ಮತ್ತು ಹದ ತಪ್ಪಿದರೆ ಆಗುವ ನಷ್ಟದ ಮುಂದೆ ಎಣ್ಣೆಯ ಖರ್ಚು ಸಣ್ಣದು ಎಂಬುದೂ ನಿಜ. ಆದರೆ ವೇಗಕ್ಕೆ ಬೇಕಾದ ಶಕ್ತಿಯನ್ನು ದೊಡ್ಡ ಟ್ರ್ಯಾಕ್ಟರಿನಲ್ಲಿ ಪಡೆಯುವುದಕ್ಕೂ ಸಣ್ಣದನ್ನು ಉಬ್ಬಿಸಿ ಪಡೆಯುವುದಕ್ಕೂ ವ್ಯತ್ಯಾಸವಿದೆ. ದೊಡ್ಡದರಲ್ಲಿ ಎಚ್‌ಪಿ ಜೊತೆಗೆ ತೂಕ, ಟೈರು, ಕ್ಲಚ್ ಎಲ್ಲ ಬೆಳೆದಿರುತ್ತವೆ. ಉಬ್ಬಿಸಿದ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಹದದ ದಿನಗಳಲ್ಲೇ ಹೋದರೆ ಉಳಿಸಿದ ಹೊತ್ತೆಲ್ಲ ಗ್ಯಾರೇಜಿನ ಮುಂದೆ ಕಳೆಯುತ್ತದೆ.

ಈಗ ಎಂಜಿನ್ನಿಗೆ ಬರೋಣ. ಒಂದು ಕೆ.ಜಿ. ಡೀಸೆಲ್ ಪೂರ್ತಿ ಉರಿಯಲು ಕನಿಷ್ಠ ಹದಿನಾಲ್ಕೂವರೆ ಕೆ.ಜಿ. ಗಾಳಿ ಬೇಕು, ಹೊಗೆಯಿಲ್ಲದೆ ಉರಿಯಲು ಇನ್ನೂ ಸಾಕಷ್ಟು ಹೆಚ್ಚು. ಗಾಳಿ ಹೆಚ್ಚಿಸದೆ ಪಂಪ್ ಮಾತ್ರ ಏರಿಸಿದರೆ ಆ ಎಣ್ಣೆ ಕಪ್ಪು ಹೊಗೆಯಾಗಿ ಸೈಲೆನ್ಸರಿನಿಂದ ಹೊರಬೀಳುತ್ತದೆ. ಅದನ್ನು ಶಕ್ತಿಯ ಗುರುತೆಂದು ಹೆಮ್ಮೆಪಡುವುದು ನೋವಿನ ಸಂಗತಿ, ಅದು ಉರಿಯದೆ ಉಳಿದ ಎಣ್ಣೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತದೆ, ಸರಿ. ಹೊರಗಿನ ಒತ್ತಡ ಸುಮಾರು 1 ಬಾರ್. ಅದರ ಮೇಲೆ ಅರ್ಧ ಬಾರ್ ಕೂಡಿಸಿದರೆ ಶಕ್ತಿಯೂ ಒಂದೂವರೆ ಪಟ್ಟು ಎಂದು ಬಾಯಿಲೆಕ್ಕ ಹೇಳುವವರಿದ್ದಾರೆ. ಆದರೆ ಒತ್ತಿದ ಗಾಳಿ ಕಾಯುತ್ತದೆ, ಕಾದ ಗಾಳಿ ಹಿಗ್ಗುತ್ತದೆ. ಬೇಸಿಗೆಯ 38 ಡಿಗ್ರಿ ಗಾಳಿ ಸಾಧಾರಣ ಟರ್ಬೊದಿಂದ ಹೊರಬರುವಾಗ 95 ಡಿಗ್ರಿ ದಾಟಿರುತ್ತದೆ. ಸಿಲಿಂಡರಿಗೆ ನಿಜವಾಗಿ ಹೆಚ್ಚುವ ಗಾಳಿ ನೂರಕ್ಕೆ 26ರಷ್ಟು. ಕಾದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇಲ್ಲದ 45 ಎಚ್‌ಪಿ ಎಂಜಿನ್ ಇಷ್ಟು ಒತ್ತಡದಲ್ಲಿ 56ರ ಹತ್ತಿರ ಬಂದರೆ ಅದೇ ತುದಿ.

ಈ ನಿಯಮ ಅಮೆರಿಕದ ಕಾರುಗಳಿಗೂ ಒಂದೇ. ಡಾಡ್ಜ್ ಕಂಪನಿಯ 2015ರ ಚಾಲೆಂಜರ್ ಹೆಲ್‌ಕ್ಯಾಟ್ 6.2 ಲೀಟರಿನ ಎಂಜಿನ್ನಿಗೆ ಸೂಪರ್‌ಚಾರ್ಜರ್ ಕೂಡಿಸಿ 707 ಎಚ್‌ಪಿ ಕೊಟ್ಟಿತು. ಟರ್ಬೊ ಹೊಗೆಯ ರಭಸದಿಂದ ತಿರುಗಿದರೆ ಸೂಪರ್‌ಚಾರ್ಜರ್ ಎಂಜಿನ್ನಿನ ಬೆಲ್ಟಿನಿಂದ ತಿರುಗುತ್ತದೆ. ಹೆಲ್‌ಕ್ಯಾಟ್‌ನಲ್ಲಿ ಅದಕ್ಕೇ 80 ಎಚ್‌ಪಿ ಆಸುಪಾಸು ಹೋಗುತ್ತದೆ. 2018ರಲ್ಲಿ ಡೀಮನ್ ಹೆಸರಿನಲ್ಲಿ 840ಕ್ಕೆ ಏರಿಸಿದಾಗ ಕಂಪನಿ ಒತ್ತಡ ಹೆಚ್ಚಿಸಿ ಕೈತೊಳೆದುಕೊಳ್ಳಲಿಲ್ಲ. ಎಸಿಯ ತಂಪನ್ನು ಸೂಪರ್‌ಚಾರ್ಜರಿನ ಗಾಳಿ ತಣಿಸಲು ತಿರುಗಿಸಿತು, ನೆಲ ಕಚ್ಚುವ ಡ್ರ್ಯಾಗ್ ಟೈರ್ ಹಾಕಿತು, ಪೂರ್ತಿ ಶಕ್ತಿ ಬರಬೇಕಾದರೆ ರೇಸಿನ ಪೆಟ್ರೋಲೇ ಬೇಕೆಂದು ಹೇಳಿತು.

ಒಂದೇ ಎಂಜಿನ್ ಬ್ಲಾಕಿನಲ್ಲಿ ಕಂಪನಿಗಳೇ ಟರ್ಬೊ ಇದ್ದದ್ದು, ಇಲ್ಲದ್ದು ಎರಡನ್ನೂ ಮಾರುವಾಗ ನಾವು ಕೂಡಿಸಿದರೆ ತಪ್ಪೇನು ಎಂದು ಕೇಳುವವರಿದ್ದಾರೆ. ಬ್ಲಾಕ್ ಒಂದೇ ಇರಬಹುದು. ಪಿಸ್ಟನ್, ಇಂಜೆಕ್ಟರ್, ಪಿಸ್ಟನ್ನಿನ ಹೊಟ್ಟೆಗೆ ಆಯಿಲ್ ಚಿಮ್ಮಿಸುವ ವ್ಯವಸ್ಥೆ, ರೇಡಿಯೇಟರ್, ಕ್ಲಚ್ ಬೇರೆ ಇರುತ್ತವೆ, ಅವು ಹೊರಗಿನಿಂದ ಕಾಣುವುದಿಲ್ಲ. ಕಡಲೆ ರಾಶಿಯ ಹೊತ್ತನ್ನು ನೋಡಿ: ಟ್ರ್ಯಾಕ್ಟರ್ ನಿಂತಲ್ಲೇ ನಿಂತು ಹಿಂದಿನ ಪಿಟಿಒ ದಂಡದಿಂದ ರಾಶಿ ಮಷಿನ್ ತಿರುಗಿಸುತ್ತದೆ, ಹೊಟ್ಟು ಹಾರಿ ರೇಡಿಯೇಟರಿನ ಜಾಲಿಗೆ ಮೆತ್ತುತ್ತದೆ, ಮುಂದಿನಿಂದ ಬೀಸುವ ಗಾಳಿಯಿಲ್ಲ. ಕಂಪನಿ ಕೊಟ್ಟ ಶಕ್ತಿಯಲ್ಲೇ ಮುಳ್ಳು ಕೆಂಪು ಗೆರೆಯ ಹತ್ತಿರ ಬರುವ ಗಳಿಗೆ ಅದು. ಮೇಲೆ ನೂರಕ್ಕೆ 25 ಉರಿ ಹೆಚ್ಚಿಸಿದರೆ ತಡೆಯುವವರಾರು? ಗವರ್ನರ್ ಏರಿಸಿ ಸುತ್ತು ಹೆಚ್ಚಿಸಿಕೊಳ್ಳುವುದಂತೂ ಬೇಡವೇ ಬೇಡ. ಪಿಟಿಒದ ನಿಮಿಷಕ್ಕೆ 540 ಸುತ್ತಿಗೆಂದು ಮಾಡಿದ ಮಷಿನ್ನು ಅದರ ಮೇಲೆ ತಿರುಗಿದರೆ ಮುರಿಯುತ್ತದೆ, ಪಕ್ಕದಲ್ಲಿ ಆಳುಗಳು ನಿಂತಿರುತ್ತಾರೆ.

ಕಾನೂನಿನ ಮಾತೂ ಇದೆ. ಕಂಪನಿ ಕೊಟ್ಟ ವಿವರ ಬದಲಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ತಿದ್ದುಪಡಿ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಜೈಲು ಇಟ್ಟಿದೆ. 50 ಎಚ್‌ಪಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ 2023ರ ಜನವರಿ 1ರಿಂದ ಟ್ರೆಮ್-4 ಹೊಗೆ ನಿಯಮ ಜಾರಿಯಲ್ಲಿದ್ದು, ಅವುಗಳ ಎಂಜಿನ್ನನ್ನು ಸ್ಕ್ರೂ ತಿರುಗಿಸಿ ಪಳಗಿಸುವ ಕಾಲ ಮುಗಿದಿದೆ.

ಜಾತ್ರೆಯ ಟ್ರ್ಯಾಕ್ಟರ್ ಜಗ್ಗುವ ಸ್ಪರ್ಧೆಯ ಆಸೆ ಬೇರೆಯೇ. ಆ ಹುರುಪನ್ನು ಹೀಗಳೆಯಲು ಮನಸ್ಸು ಬರುವುದಿಲ್ಲ. ಎತ್ತು ಓಡಿಸಿದ ಸೀಮೆ ಇದು. ಆದರೆ ಹೊಲ ಉಳುವ ಮಷಿನ್ನನ್ನೇ ಸ್ಪರ್ಧೆಗೆ ಏರಿಸಬಾರದು, ಅಲ್ಲಿ ಗೆಲ್ಲಿಸುವುದೂ ಮೊದಲು ತೂಕ ಮತ್ತು ಟೈರು. ಎಲ್ಲಕ್ಕಿಂತ ಮುಖ್ಯವಾಗಿ ಸರಪಳಿಯನ್ನು ಕೆಳಗಿನ ಡ್ರಾಬಾರಿಗೇ ಕಟ್ಟಬೇಕು. ಹಿಂದಿನ ಅಚ್ಚಿಗಿಂತ ಮೇಲೆ, ಟಾಪ್ ಲಿಂಕ್ ಜಾಗಕ್ಕೆ ಕಟ್ಟಿ ಕ್ಲಚ್ ಬಿಟ್ಟರೆ ಮುಂದಿನ ಗಾಲಿ ಏಳುತ್ತದೆ, ಕ್ಲಚ್ ತುಳಿಯಲು ಯೋಚಿಸುವಷ್ಟರಲ್ಲಿ ಟ್ರ್ಯಾಕ್ಟರ್ ಓಡಿಸುವವನ ಮೇಲೆಯೇ ಹಿಂದಕ್ಕೆ ಮಗುಚಿರುತ್ತದೆ. ಎಚ್‌ಪಿ ಏರಿಸಿದಷ್ಟೂ ಕ್ಲಚ್ ತುಳಿಯಲು ಸಿಗುವ ಹೊತ್ತು ಕಡಿಮೆಯಾಗುತ್ತದೆ.