ಮಜ್ಜೆ ಕಸಿ ಆದವರಿಗೆ ನಡಿಗೆ ಬೇಕು, ಕೊಟ್ಟಿಗೆ ಕೆಲಸ ಬೇಡ



ರಕ್ತದ ಕ್ಯಾನ್ಸರ್, ಥಲಸ್ಸೇಮಿಯಾದಂಥ ಕಾಯಿಲೆಗಳಿಗೆ ಸ್ಟೆಮ್ ಸೆಲ್ ಕಸಿ, ಅಂದರೆ ಜನ ಹೇಳುವ ಹಾಗೆ ಮಜ್ಜೆ ಬದಲಿಸುವ ಚಿಕಿತ್ಸೆ, ನಮ್ಮ ದೇಶಕ್ಕೆ ಹೊಸದೇನಲ್ಲ. ಮುಂಬೈಯ ಟಾಟಾ ಆಸ್ಪತ್ರೆಯಲ್ಲಿ 1983ರಲ್ಲಿ, ವೆಲ್ಲೂರಿನ ಸಿ.ಎಂ.ಸಿ.ಯಲ್ಲಿ 1986ರಲ್ಲಿ ಇದು ಶುರುವಾಯಿತು. ಈಗ ಬೆಂಗಳೂರಿನಲ್ಲೂ ಮಾಡುತ್ತಾರೆ. ಆದರೆ ಹೀಗೆ ಚಿಕಿತ್ಸೆ ಮುಗಿಸಿ ಮನೆಗೆ ಬಂದ ಹೆಂಗಸನ್ನು ಹೇಗೆ ನೋಡಿಕೊಳ್ಳಬೇಕು ಅನ್ನುವುದು ಮನೆಯವರಿಗೆ ತಿಳಿಯುವುದಿಲ್ಲ. ಕೆಲವು ಮನೆಗಳಲ್ಲಿ "ಕಾಲು ಕೆಳಗಿಡಬೇಡ, ಮಲಗಿರು" ಅಂತಾರೆ. ಇನ್ನು ಕೆಲವು ಕಡೆ ತಿಂಗಳಾಗುವಷ್ಟರಲ್ಲಿ ಪೊರಕೆ, ಕೊಡ ಎರಡೂ ಅವಳ ಕೈಗೆ ಬಂದಿರುತ್ತವೆ. ಎರಡೂ ತಪ್ಪು.

ಕಸಿ ಅಂದಕೂಡಲೇ ನಾವು ಆಪರೇಷನ್ ಅಂದುಕೊಳ್ಳುತ್ತೇವೆ. ಇಲ್ಲಿ ಕೊಯ್ದು ಹೊಲಿಯುವುದು ಏನೂ ಇಲ್ಲ. ಮೊದಲು ಬಲವಾದ ಕಿಮೋಥೆರಪಿ ಕೊಟ್ಟು ಕೆಟ್ಟ ಮಜ್ಜೆಯನ್ನು ತೆಗೆದುಹಾಕುತ್ತಾರೆ. ಆಮೇಲೆ ರೋಗಿಯದೇ ಅಥವಾ ದಾನಿಯ ಸ್ಟೆಮ್ ಸೆಲ್‌ಗಳನ್ನು ರಕ್ತ ಏರಿಸಿದ ಹಾಗೆ ನರದ ಮೂಲಕ ಏರಿಸುತ್ತಾರೆ. ಅವು ಮೂಳೆಯೊಳಗೆ ಸೇರಿ ಹೊಸ ರಕ್ತ ಮಾಡಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ಅಷ್ಟು ದಿನವೂ ಒಂಟಿ ಕೋಣೆ, ಜ್ವರ, ಬಾಯಿ ತುಂಬ ಹುಣ್ಣು, ಊಟ ಸೇರುವುದಿಲ್ಲ. ಮಲಗಿ ಮಲಗಿ ಕಾಲಿನ ಮಾಂಸಖಂಡ ಕರಗುತ್ತದೆ. ದಾನಿಯಿಂದ ಪಡೆದವರಲ್ಲಿ ಅನೇಕರಿಗೆ ಸ್ಟೀರಾಯ್ಡ್ ಮಾತ್ರೆಯೂ ಬೇಕಾಗುತ್ತದೆ. ಅದರಿಂದ ತೊಡೆಯ ಶಕ್ತಿ ಇನ್ನಷ್ಟು ಇಳಿಯುತ್ತದೆ. ನೆಲದ ಮೇಲೆ ಕೂತವಳು ಗೋಡೆ ಹಿಡಿಯದೆ ಏಳಲಾರಳು. ಕಕ್ಕಸಿನಲ್ಲಿ ಕುಕ್ಕರಗಾಲಲ್ಲಿ ಕೂರುವುದೇ ಕಷ್ಟ.

ಈ ಸುಸ್ತು ನಾಟಿ ಮಾಡಿ ಬಂದ ಸುಸ್ತಿನಂತಲ್ಲ. ಮಲಗಿ ಎದ್ದರೆ ಹೋಗುವುದಿಲ್ಲ, ಹೆಚ್ಚು ಮಲಗಿದಷ್ಟೂ ಹೆಚ್ಚುತ್ತದೆ. ಜರ್ಮನಿಯ ವೈದ್ಯರು 1997ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಂಥ ಚಿಕಿತ್ಸೆಯಲ್ಲಿದ್ದ 70 ಮಂದಿಯಲ್ಲಿ ಕೆಲವರಿಗೆ ಹಾಸಿಗೆಯಲ್ಲೇ ದಿನಕ್ಕೆ 30 ನಿಮಿಷ, ನಡುನಡುವೆ ನಿಲ್ಲಿಸಿ, ಸೈಕಲ್ಲಿನಂಥ ಯಂತ್ರ ತುಳಿಸಿದರು. ತುಳಿದವರ ಶಕ್ತಿ ಸುಮ್ಮನೆ ಮಲಗಿದವರಷ್ಟು ಕುಸಿಯಲಿಲ್ಲ. ವಾರ್ಡಿನಲ್ಲೇ ಆಗುವುದಾದರೆ ಮನೆಯಲ್ಲಿ ಯಾಕಾಗಬಾರದು?

ಮನೆಯಲ್ಲಿ ಯಂತ್ರ ಬೇಡ, ನಡಿಗೆ ಸಾಕು. ಡಾಕ್ಟರನ್ನು ಕೇಳಿಕೊಂಡು, ಮೊದಲು ಜಗಲಿಯಲ್ಲೇ 5 ನಿಮಿಷ, ದಿನಕ್ಕೆ 3–4 ಸಲ. ಕೆಲವು ದಿನಕ್ಕೊಮ್ಮೆ ಒಂದೆರಡು ನಿಮಿಷ ಹೆಚ್ಚಿಸಿ. ನಡೆಯುತ್ತಾ ಮಾತಾಡಲು ಆಗಬೇಕು; ಮಾತಿಗೆ ಉಸಿರು ಸಾಲದಿದ್ದರೆ ಅದು ಹೆಚ್ಚಾಯಿತು ಅಂತ. ಕೈ ಊರದೆ ಕುರ್ಚಿಯಿಂದ ಎದ್ದು ನಿಧಾನವಾಗಿ ಕೂರುವುದು ತೊಡೆಗೆ ಒಳ್ಳೆಯ ವ್ಯಾಯಾಮ. 5 ಸಲದಿಂದ ಶುರುಮಾಡಿ. ಮೊದಲು ಪಕ್ಕದಲ್ಲಿ ಒಬ್ಬರು ನಿಂತಿರಲಿ. ಕೈಗೆ ಬಲ ಬರಲು ಅರ್ಧ ಲೀಟರ್ ನೀರಿನ ಬಾಟಲಿ ಸಾಕು. ಆದರೆ ಎದೆಗೋ ತೋಳಿಗೋ ಕೊಳವೆ ಹಾಕಿದ್ದರೆ ಆ ಕಡೆಯ ಕೈಯಲ್ಲಿ ಕೇಳದೆ ಏನೂ ಎತ್ತಬೇಡಿ. ಹೊರಗೆ ಹೋಗುವುದು ಬಿಸಿಲು ಏರುವ ಮೊದಲು, ಮಾಸ್ಕ್ ಹಾಕಿಕೊಂಡು. ದಾನಿಯ ಕಸಿ ಆದವರ ಚರ್ಮಕ್ಕೆ ಬಿಸಿಲು ಆಗಿಬರುವುದಿಲ್ಲ. ಕೊಡೆ ಹಿಡಿಯಲಿ.

"ಮನೆಕೆಲಸವೇ ವ್ಯಾಯಾಮ ಅಲ್ವಾ?" ಅಂತ ಕೇಳುತ್ತೀರಿ. ಎಲ್ಲ ಕೆಲಸವೂ ಅಲ್ಲ. ಕೂತು ತರಕಾರಿ ಹೆಚ್ಚುವುದು, ಒಗೆದ ಬಟ್ಟೆ ಮಡಚುವುದು ಆಗಬಹುದು. ಸಗಣಿ ಬಾಚುವುದು, ಕೋಳಿಗೂಡು ತೊಳೆಯುವುದು, ಹಳೇ ಹುಲ್ಲು ಎಳೆಯುವುದು, ಮಣ್ಣು ಅಗೆಯುವುದು, ಧೂಳು ಗುಡಿಸುವುದು ಬೇಡವೇ ಬೇಡ. ಅವುಗಳಲ್ಲಿರುವ ಬೂಸ್ಟು ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದೆ. ನಮಗೆ ಏನೂ ಆಗದಿರಬಹುದು, ಆದರೆ ರೋಗನಿರೋಧಕ ಶಕ್ತಿ ಇನ್ನೂ ಬೆಳೆಯುತ್ತಿರುವ ಅವಳಿಗೆ ಪ್ರಾಣಕ್ಕೇ ಅಪಾಯ. ಆ ಶಕ್ತಿ ಮರಳಲು ಹಲವು ತಿಂಗಳು, ದಾನಿಯ ಕಸಿಯಾದರೆ ವರ್ಷ ಅಥವಾ ಅದಕ್ಕೂ ಹೆಚ್ಚು ಬೇಕು. ಸೌದೆ ಒಲೆಯ ಹೊಗೆಯಿಂದಲೂ ದೂರವಿರಲಿ. ತುಂಬಿದ ಕೊಡ 15 ಕೆ.ಜಿ. ತೂಗುತ್ತದೆ, ಸ್ಟೀರಾಯ್ಡಿನಿಂದ ಸವೆದ ಮೂಳೆಗೆ ಆ ಭಾರ ತಡೆಯದು.

ರಕ್ತ ಪರೀಕ್ಷೆಯ ಚೀಟಿಯಲ್ಲಿ ಪ್ಲೇಟ್‌ಲೆಟ್ ಎಷ್ಟು ಅಂತ ನೋಡಿಸಿಕೊಳ್ಳಿ. ಆರೋಗ್ಯವಂತರಲ್ಲಿ ಅದು 1.5 ಲಕ್ಷಕ್ಕಿಂತ ಹೆಚ್ಚು. 50 ಸಾವಿರಕ್ಕಿಂತ ಕಡಿಮೆಯಿದ್ದರೆ ಭಾರ ಎತ್ತುವುದು, ಉಸಿರು ಬಿಗಿಹಿಡಿಯುವುದು ಬೇಡ. 20 ಸಾವಿರಕ್ಕಿಂತ ಇಳಿದರೆ ಆಸ್ಪತ್ರೆಯವರು ಹೇಳಿದಷ್ಟೇ ಓಡಾಟ. ಬಿದ್ದರೆ ಒಳಗೆ ರಕ್ತಸ್ರಾವ ಆಗಬಹುದು. ಜ್ವರ 100.4 ಡಿಗ್ರಿ ಮುಟ್ಟಿದರೆ ವ್ಯಾಯಾಮವೂ ಇಲ್ಲ, ಮೆಡಿಕಲ್ ಶಾಪಿನ ಮಾತ್ರೆಯೂ ಇಲ್ಲ. ರಾತ್ರಿಯಾದರೂ ಸರಿ, ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. ಎದೆನೋವು, ಏದುಸಿರು, ತಲೆಸುತ್ತು, ಮೈಮೇಲೆ ಕೆಂಪು ಚುಕ್ಕೆ ಕಂಡರೂ ಹಾಗೆಯೇ. ಸ್ಟೀರಾಯ್ಡ್ ತೆಗೆದುಕೊಂಡವರಿಗೆ ನಡೆಯುವಾಗ ತೊಡೆಸಂದಿನಲ್ಲಿ ನೋವು ಬರತೊಡಗಿದರೆ "ನಡೆದು ನಡೆದು ಸರಿಹೋಗುತ್ತೆ" ಅನ್ನಬೇಡಿ. ಸೊಂಟದ ಕೀಲಿನ ಮೂಳೆಗೆ ರಕ್ತ ಸಾಲದೆ ಹಾಗಾಗಿರಬಹುದು, ಡಾಕ್ಟರಿಗೆ ತೋರಿಸಿ.

ನಿಮ್ಮ ಸಂಘದಲ್ಲಿ ಇಂಥ ಸದಸ್ಯೆ ಇದ್ದರೆ ನೀರು, ಕೊಟ್ಟಿಗೆ ಕೆಲಸವನ್ನು ಸರದಿಯಲ್ಲಿ ಹಂಚಿಕೊಳ್ಳಿ. ಸಂಜೆ ಒಬ್ಬರು ಅವಳ ಜೊತೆ ನಡೆಯಲು ಹೋಗಿ, ನೆಗಡಿ ಇದ್ದವರು ಮಾತ್ರ ಬೇಡ. ವಾರದ ಸಭೆಗೆ ಅವಳು ಬರುವುದು ಡಾಕ್ಟರು ಹೇಳಿದ ಮೇಲೆಯೇ. ಅಲ್ಲಿಯವರೆಗೆ ಉಳಿತಾಯದ ಹಣವನ್ನು ಮನೆಯವರ ಕೈಯಲ್ಲಿ ತರಿಸಿಕೊಳ್ಳಿ, ಗೈರುಹಾಜರಿಯ ದಂಡ ಮಾತ್ರ ಬರೆಯಬೇಡಿ.