ಕೈಕೊಟ್ಟ ‘ಹ್ಯಾಂಡ್’

ಇಂಗ್ಲಿಷಿನ ‘ಗಿವ್ ಎ ಹ್ಯಾಂಡ್’ ಎಂಬ ಮಾತನ್ನು ಶಾಲೆಯ ಹುಡುಗನೊಬ್ಬನು ‘ಕೈಕೊಡು’ ಎಂದು ಕನ್ನಡಿಸಿದರೆ ಮೇಷ್ಟರು ನಗದೆ ಇರಲಾರರು. ಇಂಗ್ಲಿಷಿನಲ್ಲಿ ಅದು ನೆರವಾಗುವುದು. ಕನ್ನಡದಲ್ಲಿ ನಂಬಿದವರನ್ನು ನಡುನೀರಿನಲ್ಲಿ ಬಿಡುವುದು. ಅಂಗವೊಂದೇ, ನುಡಿಯ ಜಾಡು ಬೇರೆ. ಇಂಗ್ಲಿಷ್ ಗಡಿಯಾರಕ್ಕೆ ಕೈಗಳುಂಟು, ಕನ್ನಡದ ಗಡಿಯಾರಕ್ಕೆ ಮುಳ್ಳುಗಳು. ಅಲ್ಲಿ ಬಾಳೆಯ ‘ಹ್ಯಾಂಡ್’ ಎನಿಸಿದ್ದು ಇಲ್ಲಿ ಚಿಪ್ಪು. ಕುದುರೆಯ ಎತ್ತರವನ್ನೂ ಅವರು ‘ಹ್ಯಾಂಡ್’ ಲೆಕ್ಕದಲ್ಲಿಯೇ ಅಳೆಯುತ್ತಾರೆ. ಒಂದು ‘ಹ್ಯಾಂಡ್’ ಎಂದರೆ 4 ಅಂಗುಲ.

ಇವೆಲ್ಲ ವಿನೋದದ ಮಾತಾಯಿತು. ಈ ಶಬ್ದಕ್ಕೆ ಇನ್ನೊಂದು ಅರ್ಥವುಂಟು. ಅದು ದಾವಣಗೆರೆಗೆ ಹತ್ತಿರದ್ದು. ಹತ್ತಿ ಗಿರಣಿಗಳ ದೆಸೆಯಿಂದ ಈ ಊರು ಒಂದು ಕಾಲಕ್ಕೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡಿತ್ತು. ಹೋಲಿಕೆಗೆ ನಿಂತ ಆ ಮ್ಯಾಂಚೆಸ್ಟರಿನ ಸೀಮೆಯಲ್ಲಿ ಗಿರಣಿ ಕಾರ್ಮಿಕನ ಹೆಸರೇ ‘ಹ್ಯಾಂಡ್’. ಯಜಮಾನನಿಗೆ ಬೇಕಾದದ್ದು ನೂಲೆಳೆಯುವ ಕೈ. ಅದರ ಹಿಂದಿನ ಹೊಟ್ಟೆ, ಮನೆ, ಮಕ್ಕಳು ಲೆಕ್ಕಕ್ಕೆ ಬರಲಿಲ್ಲ. ಚಾರ್ಲ್ಸ್ ಡಿಕನ್ಸ್ 1854ರ ‘ಹಾರ್ಡ್ ಟೈಮ್ಸ್’ ಕಾದಂಬರಿಯಲ್ಲಿ ಆ ಹೆಸರಿನೊಳಗಿನ ನಿಷ್ಕರುಣೆಯನ್ನು ಕಟುವಾಗಿಯೇ ಎತ್ತಿ ತೋರಿಸಿದನು.

ಕನ್ನಡದಲ್ಲಿಯೂ ಕೆಲಸಕ್ಕೆ ಕೈ ಸಾಲದೆನ್ನುವುದುಂಟು. ಆದರೆ ಕೂಲಿಯ ಲೆಕ್ಕ ಬರೆಯುವಾಗ ‘ನಾಲ್ಕು ಕೈ’ ಎಂದು ಯಾರೂ ಬರೆಯರು. ‘ನಾಲ್ಕು ಆಳು’ ಎನ್ನುತ್ತಾರೆ. ಆಳು ಎಂಬಲ್ಲಿ ಯಜಮಾನಿಕೆಯ ದರ್ಪವಿಲ್ಲದಿಲ್ಲ. ಆದರೂ ಆಳೆತ್ತರದ ಗೋಡೆ ಎನ್ನುವಾಗ ಅದೇ ಮಾತು ಇಡೀ ಮನುಷ್ಯನನ್ನು, ಅಡಿಯಿಂದ ಮುಡಿಯವರೆಗೆ, ನಿಲ್ಲಿಸಿ ತೋರಿಸುತ್ತದೆ.

ಕನ್ನಡದ ಕೈ ನೈಪುಣ್ಯದ ಕಡೆಗೆ ಹೆಚ್ಚು ಒಲಿದಿದೆ. ವೈದ್ಯನಿಗೆ ಕೈಗುಣ ಬೇಕು. ದಾವಣಗೆರೆಯ ಬೆಣ್ಣೆದೋಸೆಗೂ ಬೇಕು: ಹಿಟ್ಟು, ಬೆಣ್ಣೆ, ಕಾವಲಿ ಎಲ್ಲ ಒಂದೇ ಆಗಿದ್ದರೂ ಹುಯ್ಯುವವನು ಬದಲಾದರೆ ತಿನ್ನುವವನಿಗೆ ತಿಳಿಯುತ್ತದೆ. ಇದಕ್ಕೆ ಸರಿದೂಗುವ ಒಂಟಿ ಪದವನ್ನು ಇಂಗ್ಲಿಷಿನಲ್ಲಿ ಹುಡುಕುವುದು ಕಷ್ಟ. ಎರಡು ಭಾಷೆಗಳೂ ಸಂಧಿಸುವುದು ಅನುಭವದ ಮಾತಿನಲ್ಲಿ: ಅಲ್ಲಿ ‘ಓಲ್ಡ್ ಹ್ಯಾಂಡ್’, ಇಲ್ಲಿ ಪಳಗಿದ ಕೈ.

ನೆರೆಯ ಹರಿಹರದಲ್ಲಿ ದೇವರ ಗುರುತೂ ಕೈಯಲ್ಲಿಯೇ ಇದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ ಮೂರ್ತಿಯೊಂದೇ. ಬಲಭಾಗ ಹರ, ಎಡಭಾಗ ಹರಿ. ತ್ರಿಶೂಲ ಹಿಡಿದ ಕೈ ಯಾರದು, ಚಕ್ರ ಹಿಡಿದ ಕೈ ಯಾರದು ಎಂದು ಮಕ್ಕಳಿಗೂ ಹೇಳಿಕೊಡಬೇಕಾಗಿಲ್ಲ.

ಅದೇ ಊರಿನಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತು ಯಂತ್ರಗಳಿಗೆ ಹೆಸರಾಯಿತು. ಕೂದಲೆಳೆಯಷ್ಟೂ ತಪ್ಪದಂತೆ ಉಕ್ಕನ್ನು ಕಡೆಯುವುದು ಒಂದೆರಡು ದಿನದಲ್ಲಿ ಬರುವ ವಿದ್ಯೆಯಲ್ಲ. ಮುಂದೆ ದಾವಣಗೆರೆಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಹರಿಹರದ ಆ ಕಾರ್ಖಾನೆಯೂ ನಿಂತಿತು. ಹಾಜರಿ ಪುಸ್ತಕದ ‘ಹ್ಯಾಂಡ್’ಗಳನ್ನು ಒಂದು ಗೀಟಿನಲ್ಲಿ ಹೊಡೆದುಹಾಕಬಹುದು. ಒಂದೇ ಕಸಬಿನಲ್ಲಿ ಇಪ್ಪತ್ತು ಮೂವತ್ತು ವರ್ಷ ಪಳಗಿದ ಕೈ, ನಡುವಯಸ್ಸಿನಲ್ಲಿ, ಮತ್ತೊಂದು ಕಸಬಿನ ಮೊದಲ ಪಾಠಕ್ಕೆ ಕೂರಬೇಕಾಯಿತು.